ರಾಜಿಯ ಹೆಂಡ

ಮನೆ ಹಿಂದಿನ ಬದುವಿನ ಮೇಲಿರುವ ತೆಂಗಿನಮರ ಯಾರದು? ಗಂಡಸಿ ಹತ್ತಿರದ ನಮ್ಮೂರಿನಲ್ಲಿ ಈ ಒಂದು ಮರಕ್ಕಾಗಿ ದೇವೀರಪ್ಪನೂ ಅವನ ತಮ್ಮ ಚನ್ನಪ್ಪನೂ ಎರಡು ವರ್ಷ ಮಾತು ಬಿಟ್ಟಿದ್ದರು. ಕೊನೆಗೆ ಹಿರಿಯರು ಕೂತು ತೀರ್ಮಾನ ಹೇಳಿದರು: ಒಂದು ಕೊಯ್ಲು ಅಣ್ಣನಿಗೆ, ಮುಂದಿನದು ತಮ್ಮನಿಗೆ. ಇಬ್ಬರೂ ಒಪ್ಪಿದರು. ಉಳಿದದ್ದು ಊರ ಪದ್ಧತಿ. ರಾಜಿಯಾದವರು ಹೆಂಡದಂಗಡಿಗೆ ಹೋಗಿ ಒಂದೇ ಮಡಕೆಯಿಂದ ಕುಡಿಯಬೇಕು.

ಸಂಜೆ ಅಣ್ಣ ತಮ್ಮ ಹೊರಟರು. ಕಾಯಿ ಕೊಯ್ಯುವ ಮಚ್ಚು ದೇವೀರಪ್ಪನ ಸೊಂಟದಲ್ಲೇ ಇತ್ತು. ಪಕ್ಕದ ಮನೆಯ ಕಾಂತಮ್ಮ ಜಗಲಿಯಿಂದೆದ್ದು ಅಡ್ಡ ನಿಂತಳು.

"ಎಲ್ಲಿಗೆ ದೇವೀರಣ್ಣ?"

"ರಾಜಿ ಆಯ್ತಲ್ಲವ್ವ, ಒಂದು ಗುಟುಕು ಹಾಕ್ಕೊಂಡ್ ಬತ್ತೀವಿ."

"ನಮ್ಮನೇರೂ ಹಿಂಗೇ ಹೇಳಿ ಹೋಗಿದ್ರು."

ದೇವೀರಪ್ಪ ನಕ್ಕ. "ನಿನ್ ಗಂಡಂದು ಬೇರೆ ಕಣವ್ವ. ನಾನು ನನ್ ತಮ್ಮನ ಮೇಲೆ ಕೈ ಎತ್ತೀನಾ? ಒಂದೇ ತಾಯಿ ಹಾಲು ಕುಡ್ದೋರು ನಾವು."

"ಅವ್ರೂ ಒಂದೇ ತಾಯಿ ಹಾಲು ಕುಡ್ದೋರೇ. ಇರುವೆ ಕಂಡ್ರೆ ದಾಟ್ಕೊಂಡು ಹೋಗೋರು. ಅವತ್ತು ಮೊದಲು ತಮ್ಮನ್ನ ತಬ್ಕೊಂಡು ಅತ್ರಂತೆ. ಆಮೇಲೆ ಯಾವ್ದೋ ಮಾತು ಬಂತು. ಸೊಂಟದಾಗೆ ಮಚ್ಚಿತ್ತು. ಮೈದುನ ಅಲ್ಲೇ ಹೋದ."

"ಯಾವ ಮಾತು?" ಎಂದ ಚನ್ನಪ್ಪ.

"ಜೈಲಿಗೆ ನೋಡಕ್ಕೆ ಹೋದಾಗೆಲ್ಲ ನಾನೂ ಅದನ್ನೇ ಕೇಳ್ತೀನಿ. 'ನೆಪ್ಪಿಲ್ಲ ಕಣೇ' ಅಂತ ಕಂಬಿ ಹಿಡ್ಕೊಂಡು ಅಳ್ತಾರೆ. ಹೆಂಡ ಒಳಗೋದ್ರೆ ಮಲಗಿರೋ ಸಿಟ್ಟು ಏಳ್ತದೆ, ತಡೆಯೋ ಬುದ್ಧಿ ಮಲಗ್ತದೆ. ನಿಮ್ಮಿಬ್ರ ಸಿಟ್ಟು ಇನ್ನೂ ಹಸಿ ಐತೆ ಅಣ್ಣ."

ಅಷ್ಟರಲ್ಲಿ ಅರಸೀಕೆರೆ ಬಸ್ಸು ಬಂತು. ಕಾಂತಮ್ಮನ ಮಾತು ನಿಂತಿತು. ಇಳಿದವರ ಮುಖವನ್ನೆಲ್ಲ ನೋಡಿದಳು. ಬಸ್ಸು ಹೋದ ಮೇಲೂ ಧೂಳನ್ನೇ ನೋಡುತ್ತಿದ್ದಳು.

"ಬರಲ್ಲ ಅಂತ ಗೊತ್ತು. ಕಣ್ಣು ಕೇಳಲ್ಲ," ಎಂದಳು.

ದೇವೀರಪ್ಪ ಅಂಗಡಿಯ ದಾರಿ ಬಿಟ್ಟು ಹಿಂದಕ್ಕೆ ತಿರುಗಿದ. ಬದುವಿನ ಮರದ ಬುಡಕ್ಕೆ ಬಂದು ಸೊಂಟದ ಮಚ್ಚು ತೆಗೆದು ತಮ್ಮನ ಕೈಗಿತ್ತ.

"ಹತ್ತಲಾ ಚನ್ನ. ಎಳನೀರು ಇಳಿಸು. ನಮ್ಮ ರಾಜಿಗೆ ಅಷ್ಟೇ ಸಾಕು."

"ಈ ಗೊನೆ ಯಾರ ಪಾಳೀದಣ್ಣ?"

"ಹತ್ತೋ ಮಂಗ!"

ಮೂವರೂ ಬದುವಿನ ಮೇಲೆ ಕೂತರು. ಕಾಂತಮ್ಮ ಎಳನೀರನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದಳು. "ಅವ್ರಿಗೆ ಗಂಜಿ ಎಳನೀರಂದ್ರೆ ಪ್ರಾಣ," ಎಂದು ಆಮೇಲೆ ಕುಡಿದಳು.

ಅಣ್ಣಂದಿರೇ, ರಾಜಿಗೂ ಹೆಂಡ, ಹಬ್ಬಕ್ಕೂ ಹೆಂಡ, ಸಾವಿಗೂ ಹೆಂಡ ಎನ್ನುವ ಪದ್ಧತಿ ಇನ್ನು ಸಾಕು. ಅಂಗಡಿಗೆ ಹೊರಟವರನ್ನು ಕಂಡರೆ ಕಾಂತಮ್ಮನಂತೆ ಅಡ್ಡ ನಿಲ್ಲಿ. ನಿಮ್ಮ ಮನೆಯ ಜಗಲಿಯಲ್ಲೂ ಈಗ ಯಾರೋ ಬಸ್ಸಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದಾರೆ. ಇವತ್ತು ನೆಟ್ಟಗೆ ಮನೆಗೆ ಬನ್ನಿ.