ಒಂದೇ ಕಿಕ್ಕಿನ ಜಾವಾ

ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಜಾವಾ ಗಾಡಿಯ ಬಗ್ಗೆ ನಾನು ಜಂಬ ಕೊಚ್ಚಿಕೊಳ್ಳದ ಹೋಟೆಲಿರಲಿಲ್ಲ. ಮೂರು ಕೈ ಬದಲಾದ ಹಳೆಯ ಗಾಡಿ, ಇವತ್ತಿಗೂ ಒಂದೇ ಕಿಕ್ಕಿಗೆ ಶುರುವಾಗುತ್ತದೆ ಎಂದು ಹೇಳುವಾಗ ಎದೆ ಉಬ್ಬುತ್ತಿತ್ತು. ಆ ಕಿಕ್ಕು ಹೊಡೆಯುತ್ತಿದ್ದವಳು ನನ್ನ ಹೆಂಡತಿ ಎರ್ರೆಮ್ಮ ಎಂಬುದನ್ನೂ ನಾನು ಮುಚ್ಚಿಡುತ್ತಿರಲಿಲ್ಲ. ಕೇಳಿದವರು ನಗುತ್ತಿದ್ದರು. ನಕ್ಕರೆ ನಗಲಿ, ಅವರ ಹೊಸ ಗಾಡಿಗಳು ಹತ್ತು ಸಲ ಒದ್ದರೂ ಕೆಮ್ಮುತ್ತಿದ್ದವಲ್ಲ, ನನಗೆ ಅಷ್ಟು ಸಾಕಿತ್ತು.

ನಾನು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಹೆಸರು ಪಾಲಯ್ಯ. ಮದುವೆಯಾದ ಮೂರನೆಯ ವರ್ಷ, ಸೂಜಿ ಹಾಕುವಾಗ ಎಮ್ಮೆಯೊಂದು ಒದ್ದು ಎಡ ಮೊಣಕಾಲಿನ ಚಿಪ್ಪು ಒಡೆಯಿತು. ಮೂಳೆ ಕೂಡಿಕೊಂಡಿತು, ಕಸುವು ಮಾತ್ರ ಬರಲಿಲ್ಲ. ಸೈಕಲ್ ತುಳಿಯಲಾಗದೆ ಹಳ್ಳಿ ತಿರುಗುವುದು ನಿಂತುಹೋಯಿತು. ಆಸ್ಪತ್ರೆಯ ಮೂಲೆಯಲ್ಲಿ ಸೀಸೆ ತೊಳೆಯುತ್ತ ಕೂತೆ. ಆ ಎರಡು ವರ್ಷ ಮನೆಯಲ್ಲಿ ನಾನಾಡಿದ ಮಾತುಗಳು ಒಳ್ಳೆಯವಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಾಟು ಎಸೆದದ್ದೂ ಉಂಟು. ಎರ್ರೆಮ್ಮ ಅನ್ನ ಬಳಿದು ಒಳಗೆ ಹೋಗುತ್ತಿದ್ದಳು.

೧೯೭೭ರಲ್ಲಿ ನಮ್ಮ ಡಾಕ್ಟರಿಗೆ ವರ್ಗವಾಯಿತು. ಹೋಗುವಾಗ, ನನ್ನ ಜಾವಾ ಇಟ್ಟುಕೊಳ್ಳುತ್ತೀಯಾ ಎಂದು ನನ್ನನ್ನು ಕೇಳಿದರು. ಕುಂಟನಿಗೆ ಮೋಟರ್ ಸೈಕಲ್ ಯಾಕೆ ಎಂದು ನಾನು ಬೇಡವೆಂದು ಬಂದೆ. ಮರುದಿನ ಎರ್ರೆಮ್ಮ ತವರಿನಿಂದ ತಂದಿದ್ದ ಸರ ಮಾರಿ, ಡಾಕ್ಟರ ಮನೆಗೆ ತಾನೇ ಹೋಗಿ ಗಾಡಿ ಕೊಂಡಳು. ತಮ್ಮ ಓಬಣ್ಣನಿಂದ ಅದನ್ನು ತಳ್ಳಿಸಿಕೊಂಡು ಬಂದು ಬಾಗಿಲ ಮುಂದೆ ನಿಲ್ಲಿಸಿದಳು.

ಜಾವಾದಲ್ಲಿ ಕಿಕ್ಕಿನ ಕಡ್ಡಿಯೇ ಗೇರಿನ ಕಡ್ಡಿ, ಅದೂ ಎಡಗಡೆಗೆ. ಗೇರು ಹಾಕಲು ಪಾದದ ತುದಿ ಸಾಕು. ಕಿಕ್ಕಿಗೆ ಮೊಣಕಾಲು ಬೇಕು. ಪಕ್ಕದಲ್ಲಿ ನಿಂತು ಬಲಗಾಲಿನಿಂದ ಒದೆಯೋಣವೆಂದರೆ ಮೈಭಾರವೆಲ್ಲ ಎಡಗಾಲಿನ ಮೇಲೆ. ಎರಡು ಸಲ ಒದ್ದು ನೋಡಿ, ಎರಡನೆಯ ಸಲ ಗಾಡಿಯ ಮೇಲೆಯೇ ಬಿದ್ದೆ. ಎರ್ರೆಮ್ಮ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, 'ಸರೀರಿ ಅತ್ತಾಗ' ಎಂದು ಒಂದೇಟು ಒದ್ದಳು. ಗಾಡಿ ಶುರುವಾಯಿತು. ಎದುರು ಮನೆಯ ದ್ಯಾಮಕ್ಕ ಕಸಬರಿಗೆ ಹಿಡಿದವಳು ಬಾಯಿ ಬಿಟ್ಟು ನಿಂತುಬಿಟ್ಟಳು.

ಅಲ್ಲಿಂದ ಏಳು ವರ್ಷ ನಾನು ಅನುಭವಿಸಿದ ಸುಖವನ್ನು ಸುಳ್ಳು ಎನ್ನಲಾರೆ. ಅದು ಬುಲೆಟ್ಟಿನ ಹಾಗೆ ಗದರುವ ಗಾಡಿಯಲ್ಲ, ಲೂನಾದ ಹಾಗೆ ಕೀಚಲೂ ಅಲ್ಲ. ನನ್ನ ಬಲಗಾಲು ಸಲೀಸಾಗಿ ನೆಲ ಮುಟ್ಟುವಷ್ಟು ಎತ್ತರ. ಬೆಳಗಿನ ಹೊತ್ತು ಕೋಗಳಿಯ ದಾರಿಯಲ್ಲಿ, ಎರಡೂ ಕಡೆ ಜೋಳದ ಹೊಲ, ಮೂರನೆಯ ಗೇರಿನಲ್ಲಿ ಡುಗುಡುಗು ಎಂದು ಹೋಗುತ್ತಿದ್ದರೆ ಹೊಲದವರು ತಲೆಯೆತ್ತಿ ಕೈ ಮಾಡುತ್ತಿದ್ದರು. ಹಂಪಸಾಗರ ಹತ್ತಿರವಾದಂತೆ ಹಿನ್ನೀರಿನ ಗಾಳಿ ಅಂಗಿಯೊಳಗೆ ತುಂಬಿಕೊಳ್ಳುತ್ತಿತ್ತು. ಹಳ್ಳಿಯಲ್ಲಿ ಗಾಡಿ ಬಂದ್ ಆದರೆ ಎಮ್ಮೆ ತೋರಿಸಲು ಬಂದವರೇ ತಳ್ಳಿ ಶುರುಮಾಡಿಕೊಡುತ್ತಿದ್ದರು, ಇಂಜಿನ್ ಕಾದಿರುತ್ತಿದ್ದರಿಂದ ಕಷ್ಟವಾಗುತ್ತಿರಲಿಲ್ಲ. ಗಾಡಿಯ ಮೇಲೆ ಕೂತವನ ಕಾಲು ಕುಂಟೋ ನೆಟ್ಟಗೋ ಯಾರಿಗೆ ಗೊತ್ತಾಗುತ್ತದೆ? ನನಗೇ ಮರೆತುಹೋಗಿತ್ತು.

ಕಿಕ್ಕು ಹೊಡೆಯಲು ನಾಚದ ಎರ್ರೆಮ್ಮ ಓಣಿಯಲ್ಲಿ ನನ್ನ ಹಿಂದೆ ಕೂರಲು ನಾಚುತ್ತಿದ್ದಳು. ರೈಲ್ವೆ ಗೇಟು ದಾಟುವವರೆಗೆ ನಡೆದೇ ಬಂದು, ಆಚೆ ಈಚೆ ನೋಡಿ ಹತ್ತುತ್ತಿದ್ದಳು. ಒಂದು ಸೋಮವಾರ ಹಡಗಲಿಯ ಮೇಲೆ ಹಾದು ಮೈಲಾರಕ್ಕೆ ಹೋದೆವು. ಅಲ್ಲಿ ನನ್ನ ಹಣೆಗೆ ಹಚ್ಚುವ ಮೊದಲೇ ಗಾಡಿಯ ಟ್ಯಾಂಕಿಗೆ ಭಂಡಾರ ಹಚ್ಚಿದಳು. ಹೋಗುವಾಗ ಹಿಂದಿನ ಕಂಬಿ ಹಿಡಿದು ಕೂತಿದ್ದವಳು ಬರುವಾಗ ನನ್ನ ಸೊಂಟ ಹಿಡಿದಿದ್ದಳು. ಮಕ್ಕಳಿಲ್ಲದವರಿಗೆ ಗಾಡಿಯೇ ಮಗು ಎಂದು ಓಣಿಯವರು ಆಡಿಕೊಂಡರೆ ನನಗೆ ಸಿಟ್ಟು ಬರುತ್ತಿತ್ತು, ಅವಳು ನಕ್ಕುಬಿಡುತ್ತಿದ್ದಳು.

೧೯೮೩ರ ಬೇಸಿಗೆ. ಒಂದು ಬೆಳಿಗ್ಗೆ ಗಾಡಿ ಒಂದು ಕಿಕ್ಕಿಗೆ ಏಳಲಿಲ್ಲ, ಎರಡಕ್ಕೂ ಏಳಲಿಲ್ಲ. ಐದನೆಯದಕ್ಕೆ ಶುರುವಾಯಿತು. ಗಾಡಿ ಯಾಕೋ ಮೊದಲಿನಂಗ ಇಲ್ಲ, ತೋರಿಸ್ರಿ ಅಂದಳು. ಅಷ್ಟೂ ಹೋಟೆಲುಗಳಲ್ಲಿ ಕೊಚ್ಚಿಕೊಂಡು ಬಂದಿದ್ದವನಿಗೆ ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

'ಗಾಡಿಗೇನೂ ಆಗಿಲ್ಲ. ನಿನ್ನ ಕಾಲಿಗೆ ಸೋಮಾರಿತನ ಬಂದೈತಿ' ಎಂದೆ.

ಮಾರನೆಯ ದಿನದಿಂದ ಗಾಡಿ ಮತ್ತೆ ಒಂದೇ ಕಿಕ್ಕಿಗೆ ಶುರುವಾಗತೊಡಗಿತು. ನೋಡಿದೆಯಾ, ನಾನು ಹೇಳಿದ್ದೇ ಸರಿ ಎಂದು ಬೀಗಿದೆ.

ಆ ವರ್ಷ ದೀಪಾವಳಿ ಹೊತ್ತಿಗೆ ಅವಳಿಗೆ ದಮ್ಮು ಹತ್ತತೊಡಗಿತು. ನೀರಿನ ಕೊಡ ಹೊತ್ತು ಬಂದರೆ ಹೊಸ್ತಿಲ ಮೇಲೆ ಕೂತುಬಿಡುತ್ತಿದ್ದಳು. ಕೊಟ್ಟೂರಿನಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆ. ಎದೆಯ ಕವಾಟ ಸಡಿಲಾಗಿದೆ, ಗುಳಿಗೆ ನುಂಗಲಿ, ಭಾರದ ಕೆಲಸ ಒಂದೂ ಮಾಡಕೂಡದು ಎಂದರು. ನಾನು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ ಎಂದೇ ತಿಳಿದಿದ್ದೆ. ನೀರು ನಾನು ತಂದೆ, ಕುಂಟುತ್ತಲೇ ತಂದೆ. ಬಟ್ಟೆ ಒಗೆಯಲು ಒಬ್ಬಳನ್ನು ಗೊತ್ತುಮಾಡಿದೆ. ಹಿಟ್ಟಿನ ಗಿರಣಿಗೆ ನಾನೇ ಹೋದೆ. ಗಾಡಿಯ ಮಾತು ಬಂದಾಗ ಮಾತ್ರ, ಓಣಿಯಲ್ಲಿ ಯಾರನ್ನಾದರೂ ಕರೆಯೋಣವೆಂದೆ. ಅವಳು ಒಪ್ಪಲಿಲ್ಲ.

'ಅದೊಂದ್ ನನಗ ಬಿಡ್ರಿ. ಒಂದ್ ಕಿಕ್ಕು, ಅದಕ್ಕೇನ್ ಆಗ್ತೈತಿ?'

ನನಗೂ ಹಾಗೇ ಅನ್ನಿಸಿತು. ಒಂದೇ ಒಂದು ಕಿಕ್ಕು.

ಬೆಳಿಗ್ಗೆ ಆರಕ್ಕೆ ನಾನು ಹೋಟೆಲಿಗೆ ಹೋಗುತ್ತಿದ್ದೆ. ಒಂದು ಪ್ಲೇಟು ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ, ಆಮೇಲೆ ಪೇಪರು. ಏಳಕ್ಕೆ ಮನೆಗೆ ಬಂದರೆ ಅವಳು ಗಾಡಿಯ ಪಕ್ಕದಲ್ಲಿ ನಿಂತಿರುತ್ತಿದ್ದಳು. ಒಂದು ಕಿಕ್ಕು, ಗಾಡಿ ಡುಗುಡುಗು ಎನ್ನುತ್ತಿತ್ತು, ನಾನು ಹತ್ತಿ ಹೊರಡುತ್ತಿದ್ದೆ. ಅವಳ ಹಣೆಯ ಮೇಲೆ ಬೆವರಿರುತ್ತಿತ್ತು. ಒಲೆಯ ಮುಂದಿನಿಂದ ಎದ್ದು ಬಂದಿದ್ದಾಳೆ ಎಂದುಕೊಳ್ಳುತ್ತಿದ್ದೆ. ಎತ್ತಿನ ಪಕ್ಕೆ ಏರಿಳಿಯುವುದನ್ನು ಹತ್ತು ಮಾರು ದೂರದಿಂದ ನೋಡಿ ಇದಕ್ಕೆ ದಮ್ಮಿದೆ ಎಂದು ಹೇಳಬಲ್ಲವನು ನಾನು. ಹೆಂಡತಿಯ ಉಸಿರನ್ನು ನೋಡಲಿಲ್ಲ.

ಮರುವರ್ಷ ಶ್ರಾವಣದಲ್ಲಿ, ಹಂಪಸಾಗರದಲ್ಲಿ ದನಗಳಿಗೆ ಗಂಟಲುಬೇನೆಯ ಸೂಜಿ ಹಾಕುತ್ತಿದ್ದಾಗ ಓಬಣ್ಣ ಬಸ್ಸಿಗೆ ಬಂದು ಇಳಿದ. ಅವನ ಮುಖ ನೋಡಿದ ಮೇಲೆ ಕೇಳುವುದೇನೂ ಉಳಿಯಲಿಲ್ಲ. ಅವನನ್ನು ಹಿಂದೆ ಕೂರಿಸಿಕೊಂಡು ಹೇಗೆ ಬಂದೆನೋ ತಿಳಿಯದು. ಬಾಗಿಲಲ್ಲಿ ಜನ ಸೇರಿದ್ದರು. ಗಾಡಿ ಬಂದ್ ಮಾಡದೆ ಹಾಗೇ ಒಳಗೆ ಹೋದೆ. ಅದು ಹೊರಗೆ ತನ್ನಷ್ಟಕ್ಕೆ ಬಡಿದುಕೊಳ್ಳುತ್ತಲೇ ಇತ್ತು, ಓಬಣ್ಣ ಹೋಗಿ ನಿಲ್ಲಿಸಿದ.

ದಿನಕರ್ಮಗಳು ಮುಗಿದವು. ಕೆಲಸಕ್ಕೆ ಹೋಗಲೇಬೇಕಾದ ಬೆಳಿಗ್ಗೆ ಬಂತು. ಇನ್ನೂ ಮನೆಯಲ್ಲೇ ಉಳಿದಿದ್ದ ಓಬಣ್ಣ, ನಾನು ಒದೆಯುತ್ತೇನೆ ಮಾವ ಎಂದು ಮುಂದೆ ಬಂದ. ಒದ್ದ. ಏಳಲಿಲ್ಲ. ಹತ್ತು ಸಲ, ಹದಿನೈದು ಸಲ ಒದ್ದ. ಕಲ್ಲು ಒಡೆಯುವ ಮೈಕಟ್ಟಿನ ಹುಡುಗ, ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ನನಗೆ ರೇಗಿತು. ನಿಮ್ಮಕ್ಕ ಒಂದೇ ಕಿಕ್ಕಿಗೆ ಎಬ್ಬಿಸುತ್ತಿದ್ದಳು, ನಿನಗೆ ಕೈಲಾಗದಿದ್ದರೆ ಬಿಡು ಎಂದು ಕೂಗಾಡಿದೆ.

ದ್ಯಾಮಕ್ಕ ಎದುರಿನಿಂದ ಬಂದು ನಮ್ಮ ಕಟ್ಟೆಯ ಮೇಲೆ ಕೂತಳು.

'ಅವನ್ನ ಯಾಕ ಬೈತಿಯಪ್ಪಾ? ಅದು ಒಂದ್ ಕಿಕ್ಕಿಗೆ ಎದ್ದು ವರ್ಷದ ಮ್ಯಾಲಾತು. ನೀ ಹೋಟ್ಲಿಗೆ ಹೋಗಿಂದ ದಿನಾ ಒದೀತಿದ್ಲು. ಇಪ್ಪತ್ತು, ಮೂವತ್ತು. ಸಾಕಾದ್ರ ಇಲ್ಲೇ ಕುಂತು ಉಸಿರು ತಗೊಂಡು ಮತ್ತ ಏಳ್ತಿದ್ಲು. ಒಮ್ಮಿ ಶುರು ಆತಂದ್ರ ಸ್ವಲ್ಪ ಕಾಸಿ, ಬಂದ್ ಮಾಡಿ, ನಿನ್ನ ದಾರಿ ಕಾಯ್ತಿದ್ಲು. ನೀ ಬಂದಿಂದ ಒಂದ್ ಕಿಕ್ಕು.'

ಓಬಣ್ಣ ಕಡ್ಡಿಯ ಮೇಲಿಂದ ಕಾಲು ತೆಗೆದ.

'ಹೇಳಿಬಿಡು ಅಂದೆ ನಾನು' ಎಂದಳು ದ್ಯಾಮಕ್ಕ. 'ಹೇಳಿದ್ರ ಗಾಡಿ ಮಾರ್ತಾರ, ಮಾರಿ ಮತ್ತ ಮೂಲಿ ಹಿಡಿದು ಕುಂದರ್ತಾರ, ಆ ಎರಡು ವರ್ಷ ನಾ ಕಂಡೀನಿ ಅಂದ್ಲು.'

ಅವತ್ತೇ ಓಬಣ್ಣನೂ ನಾನೂ ಗಾಡಿಯನ್ನು ಕೊಟ್ಟೂರು ರಸ್ತೆಯ ಮೆಕ್ಯಾನಿಕ್ ಸಾಬರ ಹತ್ತಿರ ತಳ್ಳಿಕೊಂಡು ಹೋದೆವು. ಅವರು ಬಲಗಡೆಯ ಮುಚ್ಚಳ ಬಿಚ್ಚಿ ನೋಡಿ, ಪಾಯಿಂಟು ಸವೆದಿದೆ, ಇಂಜಿನ್ ತಣ್ಣಗಿದ್ದಾಗ ಕಿಡಿ ಹುಟ್ಟುವುದಿಲ್ಲ ಎಂದರು. ಹಳೆಯದನ್ನು ತೆಗೆದು ಹೊಸದು ಕೂರಿಸಿದರು. ಓಬಣ್ಣ ತಂದ ಚಹಾ ಆರುವುದರೊಳಗೆ ಕೆಲಸ ಮುಗಿದಿತ್ತು. ಸಾಬರು ಎದ್ದು ನಿಲ್ಲಲೂ ಇಲ್ಲ. ಕುಕ್ಕರುಗಾಲಿನಲ್ಲಿ ಕೂತಲ್ಲಿಂದಲೇ ಕಡ್ಡಿಯನ್ನು ಕೈಯಿಂದ ಒತ್ತಿದರು. ಗಾಡಿ ಶುರುವಾಯಿತು.

'ಇಷ್ಟಕ್ಕ ವರ್ಷಗಟ್ಲೆ ಯಾಕ ಬಿಟ್ಟಿದ್ರಿ?' ಎಂದು ಕೇಳಿದರು. ನಾನು ರಸ್ತೆಯ ಬದಿಯಲ್ಲೇ ಕೂತು ಅತ್ತೆ. ಅವಳು ಹೋದ ದಿನ ಬಾರದ ಅಳು ಅಲ್ಲಿ ಬಂತು. ಸಾಬರು ಗಾಬರಿಯಾಗಿ ಗಾಡಿ ಬಂದ್ ಮಾಡಿದರು.

ಗಾಡಿಯನ್ನು ಮಾರಿಲ್ಲ. ಮಾರಿ ಮೂಲೆ ಹಿಡಿದು ಕೂತರೆ ಅವಳು ಪಟ್ಟದ್ದೆಲ್ಲ ಮಣ್ಣುಪಾಲು. ಬೆಳಿಗ್ಗೆ ಎದ್ದು ಟ್ಯಾಂಕು ಒರೆಸುತ್ತೇನೆ, ಅದರ ಸಂದಿನಲ್ಲಿ ಮೈಲಾರದ ಹಳದಿ ಇನ್ನೂ ಇದೆ, ಅಲ್ಲಿಗೆ ಬಟ್ಟೆ ತಾಗಿಸುವುದಿಲ್ಲ. ಆಮೇಲೆ ಬಗ್ಗಿ, ಸಾಬರನ್ನು ನೋಡಿ ಕಲಿತ ಹಾಗೆ, ಎರಡೂ ಕೈಯಿಂದ ಕಡ್ಡಿ ಒತ್ತುತ್ತೇನೆ. ಒಂದೇ ಸಲಕ್ಕೆ ಶುರುವಾಗುತ್ತದೆ. ಹೋಟೆಲಿನಲ್ಲಿ ಯಾರಾದರೂ, ಗಾಡಿ ಈಗಲೂ ಒಂದೇ ಕಿಕ್ಕಿಗೆ ಏಳುತ್ತದೆಯೇ ಎಂದು ಕೇಳಿದರೆ, ಇಲ್ಲ, ಮೂವತ್ತು ಸಲ ಒದೆಯಬೇಕು ಎನ್ನುತ್ತೇನೆ.