ಎಳೆದು ನೋಡುವುದು

ಕತ್ತಿನ ಹಿಂದೆ ತಣ್ಣಗೆ, ಈ ಎಟಿಎಮ್ಮಿನ ಗಾಜಿನ ಗೂಡಿನೊಳಗೆ ಎಷ್ಟು ತಂಪು, ದುಡ್ಡಿಗೆ ಸೆಕೆಯಾಗಬಾರದು ನೋಡು, ನಮ್ಮ ಗೋಡಂಬಿ ಕಾರ್ಖಾನೆಯಲ್ಲಿ ಒಂದು ಫ್ಯಾನಿಗೂ ಗತಿಯಿಲ್ಲ — ಅತ್ತರು ಹಾಕಿಕೊಂಡವರು ಯಾರೋ ಈಗಷ್ಟೇ ದುಡ್ಡು ಎಳೆದುಕೊಂಡು ಹೋಗಿದ್ದಾರೆ, ನನಗೂ ಇವತ್ತು ಬಂದೇ ಬಂದಿರುತ್ತದೆ, ಮೇಸ್ತ್ರಿ ದೇವರಾಣೆ ಇಟ್ಟಿದ್ದಾನಲ್ಲ, ವಿಲಾಸಿನಿ ಚೇಚಿ, ಕೂಲಿ ಬ್ಯಾಂಕಿಗೆ ಬಿದ್ದಾಯ್ತು, ಇನ್ನಾದ್ರೂ ಮುಖ ಊದಿಸ್ಕೋಬೇಡಿ ಅಂತ, ಚೇಚಿಯಂತೆ, ಕೂಲಿ ತಡವಾದಾಗ ಮಾತ್ರ ನಾನು ಅವನಿಗೆ ಅಕ್ಕ. ಗೋಡಂಬಿ ಸಿಪ್ಪೆಯೆಣ್ಣೆ ತಾಗಿ ಕಪ್ಪಾದ ಬೆರಳನ್ನು ಸೀರೆಗೆ ಒರೆಸಿ ಒತ್ತುತ್ತೇನೆ, ಐನೂರು, ನೋಟು ಬಂದರೆ ನೇರ ಔಷಧದಂಗಡಿ, ಅಮ್ಮಿಣಿಯ ಫಿಟ್ಸಿನ ಔಷಧಿ, ಸತ್ತ ಮಗಳು ಬಿಟ್ಟುಹೋದ ಒಂದೇ ಕೂಸು, ನಿನ್ನೆ ಬಾಟಲಿ ತಲೆಕೆಳಗೆ ಹಿಡಿದು ಕೊನೆಯ ಹನಿ ನೆಕ್ಕಿಸಿದೆ, ಸಾಲ ಕೇಳಿದರೆ ಅಂಗಡಿಯವನು, ಫಿಟ್ಸ್ ಬರೋದು ನಿಮ್ಮ ಮಗೂಗೆ, ನನ್ನ ಅಂಗಡಿಗಲ್ಲ. ನಾಲಿಗೆ ಸೇದುಹೋಗಲಿ ಅವನದು.

ಗರ್ರೆಂದಿತು, ಏನೋ ಬರೆಯಿತು, ಕಾರ್ಡು ಉಗುಳಿತು. ಓದಲು ಬಂದರೆ ತಾನೇ. ಕಾರ್ಖಾನೆಯ ಹೆಂಗಸರೆಲ್ಲ ಹೀಗೇ, ಎಳೆದು ನೋಡು, ಬಂದರೆ ಕೂಲಿ ಬಂತು, ಬರದಿದ್ದರೆ ನಾಳೆ ಎಳೆ, ಬಾವಿಗೆ ಕೊಡ ಇಳಿಸಿ ನೋಡಿದ ಹಾಗೆ, ನಾನಂತೂ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ಕಾರ್ಖಾನೆ ಮತ್ತೆ ಬಾಗಿಲು ತೆರೆದಾಗಿನಿಂದ ಒಂದು ದಿನವೂ ತಪ್ಪಿಸಿಲ್ಲ. ಬಾಗಿಲ ಬಳಿಯ ಕಾವಲುಗಾರ ಪಿಳ್ಳೆ ನಗುತ್ತಿದ್ದಾನೆ, ದಿನವೂ ನಗುತ್ತಾನೆ, ಏನು ಪಿಳ್ಳೆ, ಇವತ್ತೂ ಇಲ್ವಾ ಎಂದೆ, ಕೊಡಿ ಇಲ್ಲಿ ಎಂದು ಕಾರ್ಡು ಕಿತ್ತುಕೊಂಡು ಒಳಗೆ ತೂರಿಸಿ, ಹೊರಬಂದ ಚೀಟಿ ಓದಿದ. ಕೂಲಿ ಬಂದಿದೆಯಂತೆ, ಬಂದು ಹೋಗಿದೆಯಂತೆ. ಎಲ್ಲಿಗೆ ಹೋಯ್ತೋ ಮಾರಾಯ? ದುಡ್ಡಿಲ್ಲದಾಗ ಒತ್ತಿದ್ರೆ ಒತ್ತಿದ್ದಕ್ಕೊಂದು ದಂಡ ಚೇಚಿ, ಬ್ಯಾಂಕಿನವರು ಬರೆದಿಟ್ಕೊಂಡಿದ್ರು, ಕೂಲಿ ಬಿದ್ದ ತಕ್ಷಣ ಎಲ್ಲಾ ಒಟ್ಟಿಗೆ ಹಿಡ್ಕೊಂಡ್ರು, ಇನ್ನು ನೂರೂ ಇಲ್ಲ, ನೂರಕ್ಕಿಂತ ಕಮ್ಮಿ ಇದು ಕೊಡೋಲ್ಲ. ಇದೆಯೋ ಇಲ್ವೋ ನೋಡೋದಕ್ಕಲ್ವೇನೋ ನಾನು ಒತ್ತಿದ್ದು! ನೋಡೋಕೆ ಬೇರೆ ಗುಂಡಿ ಇದೆ ಚೇಚಿ. ದಿನಾ ನೋಡ್ತಾ ನಿಂತಿದ್ದೆಯಲ್ಲ, ಒಂದು ಮಾತು ಹೇಳಬಾರದಿತ್ತಾ? ನೀವು ಕೇಳಲಿಲ್ವಲ್ಲ.

ಕೇಳಲಿಲ್ಲ. ಹೌದು, ಕೇಳಲಿಲ್ಲ, ಅಯ್ಯೋ ನನ್ನ ಕರ್ಮವೇ, ಯಾರೂ ಕದಿಯಲಿಲ್ಲ, ನಾನೇ ದಿನಕ್ಕೆರಡು ಬಾರಿ ಬಂದು, ಕೂಸಿನ ಬಾಯಿಗೆ ಹಾಕಬೇಕಾದ್ದನ್ನು ನನ್ನ ಬೆರಳಿನಿಂದಲೇ — ಸೆರಗಿನ ಗಂಟಿನಲ್ಲಿ ಫೋನು ಹೊಡೆದುಕೊಳ್ಳುತ್ತಿದೆ, ಪಕ್ಕದ ಮನೆಯ ಜಮೀಲಾ, ಕೂಸನ್ನು ಅವಳ ಮಡಿಲಲ್ಲಿ ಬಿಟ್ಟು ಬಂದಿದ್ದೇನೆ, ಚೇಚಿ ಔಷಧಿ ಸಿಕ್ತಾ, ಬೇಗ ಬನ್ನಿ, ಶುರುವಾಗಿದೆ, ಕಣ್ಣು ಮೇಲೆ ಹೋಗಿದೆ, ಹಲ್ಲು ಕಚ್ಚಿಕೊಂಡಿದ್ದಾಳೆ. ಬಂದೆ ಬಂದೆ ಎನ್ನುತ್ತೇನೆ, ಹಿಂದಿನವರು ಬೇಗ ಮುಗಿಸಮ್ಮಾ ಎನ್ನುತ್ತಾರೆ, ಪಿಳ್ಳೆ ಬೇಡ ಚೇಚಿ ಎನ್ನುತ್ತಾನೆ, ಅಷ್ಟರಲ್ಲಿ ಕಾರ್ಡು ಒಳಗೆ ಹೋಗಿದೆ, ಐನೂರು, ಒತ್ತಿಬಿಟ್ಟಿದ್ದೇನೆ, ಇಲ್ಲವೆಂದು ಗೊತ್ತಿದ್ದೂ ಮತ್ತೆ ಒತ್ತಿದ್ದೇನೆ, ಗರ್ರ್ ಎನ್ನುತ್ತಿದೆ, ಕಣ್ಮುಂದೆ ಅಮ್ಮಿಣಿಯ ಹಾಲುಹಲ್ಲು, ಅಷ್ಟು ಸಣ್ಣ ಹಾಲುಹಲ್ಲು, ನಡುವೆ ನಾಲಿಗೆಯ ತುದಿ, ಹಾಲುಹಲ್ಲಿನ ನಡುವೆ ನಾಲಿಗೆಯ ತುದಿ