ಲೋಟ ತೊಳೆದ ವೈನು

ಹಿರಿಯ ಮಗ ತೀರಿಕೊಂಡು ಮೂರು ತಿಂಗಳಾಗಿತ್ತು. ಅವನು ಮಾಡಿದ ಸಿಹಿ ಬಿಳಿ ವೈನಿನಲ್ಲಿ ಒಂದೇ ಬಾಟಲಿ ಉಳಿದಿತ್ತು. ಅದರ ಕತ್ತಿಗೆ ನೀಲಿ ದಾರ ಕಟ್ಟಿ, ನಾನು ಪ್ರಾರ್ಥನೆ ಮಾಡುವ ಕೋಣೆಯ ಕಪಾಟಿನಲ್ಲಿಟ್ಟಿದ್ದೆ. ಕಿರಿಯವನು ಬಂದು, "ಅತ್ತಿಗೆಯ ಪರೀಕ್ಷೆಗೆ ಬೇಕಮ್ಮ" ಎಂದ. ಕೊಟ್ಟೆ.

ನೆಲಮಾಳಿಗೆಯ ಪೀಪಾಯಿಗಳಲ್ಲಿನ ವೈನಿನ ರುಚಿ ನೋಡಿ ಬೆರೆಸುವ ಅಧಿಕಾರ ನಮ್ಮ ಮನೆತನದಲ್ಲಿ ಒಬ್ಬರಿಗೇ. ಮಗನ ನಂತರ ಸೊಸೆ ಅದನ್ನು ನಡೆಸುತ್ತಿದ್ದಳು. ಕಿರಿಯವನಿಗೆ ಅದರ ಮೇಲೆ ಕಣ್ಣು.

"ಐದು ಲೋಟ ಇಡ್ತೀನಿ, ಅತ್ತಿಗೆ. ಅಣ್ಣನದು ಯಾವುದು ಅಂತ ತೋರಿಸಿ. ಆಗಲಿಲ್ವಾ, ನೆಲಮಾಳಿಗೆ ಬೀಗದಕೈ ನನಗೆ."

"ನಿಮ್ಮಣ್ಣನ್ನ ಕಣ್ಣು ಮುಚ್ಚಿಕೊಂಡು ಗುರುತು ಹಿಡೀತೀನಿ, ಹೋಗೋ!"

ಲೋಟದಲ್ಲಿ ನೀರಿನ ವಾಸನೆ ಉಳಿಯಬಾರದೆಂದು, ಕೊನೆಗೊಮ್ಮೆ ಅಗ್ಗದ ವೈನು ಹಾಕಿ ಆಡಿಸಿ ಬಕೆಟ್ಟಿಗೆ ಚೆಲ್ಲುವುದು ಈ ಕೆಲಸದ ಪದ್ಧತಿ. ಮರುದಿನ ಬೆಳಿಗ್ಗೆ ಕಿರಿಯವನು ಐದೂ ಲೋಟಗಳನ್ನು ಹಾಗೆಯೇ ತೊಳೆದ. ಅವನ ಕೈಯಲ್ಲಿದ್ದ ಬಾಟಲಿಗೆ ನೀಲಿ ದಾರವಿತ್ತು. ಬಾಟಲಿ ಬರಿದಾಯಿತು. ಆಮೇಲೆ ಲೋಟಗಳಿಗೆ ಬೇರೆ ಊರುಗಳ ಐದು ವೈನು ತುಂಬಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ, ತಡೆಯಲಿಲ್ಲ. ನನಗೆ ಉಳಿದಿದ್ದವನು ಅವನೊಬ್ಬನೇ.

ಸೊಸೆ ಬಂದು ಕೂತಳು. ಒಂದೊಂದೇ ಗುಟುಕು ಬಾಯಲ್ಲಾಡಿಸಿ ಬಕೆಟ್ಟಿಗೆ ಉಗುಳಿದಳು.

"ಇದು ಬೆಟ್ಟದ್ದು. ಹಿಮದಲ್ಲಿ ಹೆಪ್ಪುಗಟ್ಟಿದ ಹಣ್ಣು, ಹುಳಿ ಹಲ್ಲಿಗೆ ಹೊಡೆಯುತ್ತೆ. ಇದು ನದಿ ದಂಡೆಯದು, ಬೂಷ್ಟು ಹಿಡಿದ ದ್ರಾಕ್ಷಿ, ಜೇನಿನ ಹಾಗಿದೆ. ಇದು ದ್ವೀಪದ್ದು. ಒಣದ್ರಾಕ್ಷಿ ಡಬ್ಬಿ ತೊಳೆದ ನೀರು!" ಎಂದು ನಕ್ಕಳು. ನಾಲ್ಕನೆಯದು ದಕ್ಷಿಣದ ಬಿಸಿಲಿನದು. ಐದನೆಯದು ಪಕ್ಕದ ಕಣಿವೆಯದು.

ನಗು ನಿಂತಿತು. ಮತ್ತೆ ಮೊದಲಿನಿಂದ ಮೂಸಿದಳು.

"ಎಲ್ಲದರಲ್ಲೂ ಅವರಿದ್ದಾರೆ," ಎಂದಳು ಮೆಲ್ಲಗೆ. "ಯಾವುದರಲ್ಲೂ ಇಲ್ಲ."

"ಲೋಟ ತೋರಿಸಿ ಅಂದೆ, ಕಥೆ ಕೇಳಲಿಲ್ಲ."

ಅವಳು ನನ್ನತ್ತ ತಿರುಗಿದಳು. "ಅತ್ತೆ, ಅವರ ವೈನು ಸುರಿದದ್ದು ನೀವು ನೋಡಿದ್ರಾ?"

"ನೋಡಿದೆ, ತಾಯಿ. ಲೋಟಕ್ಕೇ ಸುರಿದ."

ಸುಳ್ಳಾಡಲಿಲ್ಲ ಎಂದು ದೇವರಿಗೆ ಹೇಳಿಕೊಂಡೆ. ಇಂದಿಗೂ ಹೇಳಿಕೊಳ್ಳುತ್ತಿದ್ದೇನೆ.

ಅವಳು ಸೊಂಟದಿಂದ ಬೀಗದಕೈ ಬಿಚ್ಚಿ ಮೇಜಿನ ಮೇಲಿಟ್ಟಳು. ಎದ್ದು ಹೊರಟವಳು ಬಕೆಟ್ಟಿನ ಹತ್ತಿರ ನಿಂತಳು. ಮಂಡಿಯೂರಿ, ತನ್ನದೇ ಎಂಜಲಿನ ಮೇಲೆ ಮುಖ ಬಗ್ಗಿಸಿದಳು.

"ಇಲ್ಲಿದ್ದಾರೆ," ಎಂದಳು.

"ಮೂಗು ಚೆನ್ನಾಗಿದೆ ಅತ್ತಿಗೆ. ಆದ್ರೆ ಅದು ಬಕೆಟ್ಟು."

ಕಿರಿಯವನು ಬಕೆಟ್ಟೆತ್ತಿಕೊಂಡು ಮೋರಿಯತ್ತ ಹೊರಟ. ಅವನ ಎರಡೂ ಕೈಗೆ ಕೆಲಸವಿತ್ತು. ಬಾಗಿಲು ತೆರೆದು ಹಿಡಿದವಳು ನಾನು.